ಅಡಿಕೆ ತಟ್ಟೆಯ ಎಡಬದಿ

1 ಸೆಪ್ಟೆಂಬರ್ 1985, ಆದಿತ್ಯವಾರ

ಈ ಪುಸ್ತಕ ನನಗೊಬ್ಬನಿಗೆ. ಪಿಎಚ್‌.ಡಿ. ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಆದರೆ ಬೈಯಲಿಕ್ಕೆ ನನಗೆ ಇಂಗ್ಲಿಷ್ ಸಾಲುವುದಿಲ್ಲ. ಮನೆಯಲ್ಲಿ ತುಳುವಿನಲ್ಲಿ ಬೈದರೆ ಅಮ್ಮ ತಿರುಗಿ ಬೈಯುತ್ತಾಳೆ. ಉಳಿದದ್ದು ಕನ್ನಡ.

ಇವತ್ತಿನಿಂದ ಕ್ಷೇತ್ರಕಾರ್ಯ ಶುರು. ಎಂಥಾ ಕ್ಷೇತ್ರ! ಮನೆಯಿರುವ ಬಿಜೈಯಿಂದ ಎರಡು ಬಸ್ಸು ಹಿಡಿದು ಸುರತ್ಕಲ್‌ನಲ್ಲಿ ಇಳಿಯಬೇಕು. ಅಲ್ಲಿಂದ ಕಡಲಿನ ಕಡೆಗೆ ಕಾಲು ಹೂಳುವ ಹೊಯಿಗೆಯಲ್ಲಿ ಇಪ್ಪತ್ತು ನಿಮಿಷ ನಡೆದರೆ ಒಂದು ಹಂಚಿನ ಕಟ್ಟಡ. ಮೀನುಗಾರರ ಸಹಕಾರ ಸಂಘ. ಅದಕ್ಕೊಂದು ಐಸ್ ಪ್ಲಾಂಟು, ಬಲೆ ಒಣಗಿಸಲಿಕ್ಕೆ ಕಡಲ ಬದಿಯಲ್ಲಿ ಎರಡು ಎಕರೆ ಜಾಗ, ಒಬ್ಬ ಅಧ್ಯಕ್ಷ, ಒಂಬತ್ತು ಮಂದಿ ನಿರ್ದೇಶಕರು, ನೋಣಯ್ಯ ಎಂಬ ಗುಮಾಸ್ತ. ದೆಹಲಿಯಲ್ಲಿ ಎಂ.ಎ. ಮಾಡಿದ ಮನುಷ್ಯ ಕೊನೆಗೆ ಬಂದು ಬಿದ್ದದ್ದು ಒಣಮೀನಿನ ವಾಸನೆಯ ನಡುವೆ.

ನಾನು ಪಾಠ ಮಾಡುವ ಕಾಲೇಜಿನಿಂದ ಸಿಕ್ಕಿದ ರಜೆ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಪ್ರಬಂಧ ಸಲ್ಲಿಸಿದರೆ ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥ ನಾನು. ಇಲ್ಲದಿದ್ದರೆ ಸಹೋದ್ಯೋಗಿ ಬೆನಿಟಾ. ಬೆನಿಟಾ ಪಾಠ ಮಾಡುವಾಗ ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕುತ್ತಾಳೆ. ಕುಟುಂಬದಿಂದ ಸಮಾಜಕ್ಕೆ ಒಂದು ಬಾಣ, ಸಮಾಜದಿಂದ ಕುಟುಂಬಕ್ಕೆ ಇನ್ನೊಂದು. ಅವಳ ಕೈಕೆಳಗೆ ನಾನು ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕಾಗಿ ಬಂದರೆ ಕಡಲಿಗೆ ಹಾರುವುದು ಮೇಲು.

15 ಸೆಪ್ಟೆಂಬರ್, ಆದಿತ್ಯವಾರ

ಸಿಕ್ಕಿತು! ಇಷ್ಟು ಬೇಗ ಸಿಗುತ್ತದೆಂದು ನಾನೇ ಎಣಿಸಿರಲಿಲ್ಲ.

ಪ್ಯಾರಿಸಿನ ಹೊಸ ಪಂಡಿತರು ಹೇಳುವುದನ್ನು ನನ್ನ ಅಮ್ಮನಿಗೂ ಅರ್ಥವಾಗುವ ಹಾಗೆ ಹೇಳುವುದಾದರೆ ಇಷ್ಟೇ. ಸಂಸ್ಥೆ ಎಂಬ ಗಟ್ಟಿ ವಸ್ತು ಎಲ್ಲಿಯೂ ಇಲ್ಲ. ಜನ ಸೇರಿ ಆಡುವ ಮಾತೇ ಸಂಸ್ಥೆ. ನಡುವೆ ಕೂತು ಆಳುವವನು ಯಾರೂ ಇಲ್ಲ, ನಡುವೆ ಇರುವುದು ಖಾಲಿ ಜಾಗ. ಆಧುನಿಕೋತ್ತರ ಚಿಂತನೆ ಎಂದು ಇದಕ್ಕೆ ಹೆಸರು. ದೆಹಲಿಯ ಗೆಳೆಯ ಕಳಿಸಿದ ಜೆರಾಕ್ಸ್ ಪ್ರತಿಗಳು ನನ್ನ ಕಪಾಟಿನಲ್ಲಿವೆ. ಈ ಊರಿನಲ್ಲಿ ಅದನ್ನು ಓದಿದವನು ನಾನೊಬ್ಬನೇ.

ಸಂಘದ ಸಭೆ ಎರಡು ವಾರಕ್ಕೊಮ್ಮೆ, ಆದಿತ್ಯವಾರ ನಾಲ್ಕು ಗಂಟೆಗೆ. ಅಧ್ಯಕ್ಷನ ಹೆಸರು ದೇವದಾಸ್, ವಯಸ್ಸು ಐವತ್ತರ ಮೇಲೆ. ಅವನಿಗೆಂದು ಗೋಡೆಯ ಬದಿಯಲ್ಲಿ ಕೈಯಿರುವ ಕುರ್ಚಿ ಉಂಟು. ಅವನು ಅದರಲ್ಲಿ ಕೂರುವುದೇ ಇಲ್ಲ! ಎದುರಿನ ಬೆಂಚಿನಲ್ಲಿ, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾನೆ. ಕುರ್ಚಿ ಖಾಲಿ. ಒಂಬತ್ತು ಮಂದಿ ಸಂತೆಯಲ್ಲಿ ಕೂಗುವ ಹಾಗೆ ಕೂಗುತ್ತಾರೆ. ಅವನು ಒಂದು ಶಬ್ದ ಆಡುವುದಿಲ್ಲ. ಎಲ್ಲ ಮುಗಿದ ಮೇಲೆ ಎದ್ದು ಹೆಗಲಿನ ವಸ್ತ್ರವನ್ನು, ಆ ಬೈರಾಸನ್ನು, ಮಡಚುತ್ತಾನೆ. ಹೌದಾದರೆ ಬಲ ಹೆಗಲಿಗೆ, ಅಲ್ಲವಾದರೆ ಎಡ ಹೆಗಲಿಗೆ. ನೋಣಯ್ಯ ಅದನ್ನು ನಿರ್ಣಯ ಎಂದು ಬರೆದುಕೊಳ್ಳುತ್ತಾನೆ.

ಖಾಲಿ ಕುರ್ಚಿ, ಮಾತಿಲ್ಲದ ನಾಯಕ. ಪ್ಯಾರಿಸಿನವರು ಊಹೆ ಮಾಡಿ ಬರೆದದ್ದನ್ನು ಈ ಮೂಢರು ಹೊಯಿಗೆಯ ಮೇಲೆ ಕೂತು ಮಾಡುತ್ತಿದ್ದಾರೆ, ಅದೂ ಗೊತ್ತಿಲ್ಲದೆ.

ಇನ್ನೊಂದು ಸಂಗತಿ. ನಿರ್ದೇಶಕರಲ್ಲಿ ಒಬ್ಬಳೇ ಹೆಂಗಸು, ರಾಜೀವಿ, ಅಧ್ಯಕ್ಷನ ತಂಗಿ. ನಮ್ಮ ಬಿಜೈಯ ಮನೆಗೆ ಬುಟ್ಟಿ ಹೊತ್ತು ಮೀನು ತರುವ ಅದೇ ರಾಜೀವಿ. ಸಭೆಯ ಉದ್ದಕ್ಕೂ ಅವಳು ಅಣ್ಣನ ಎದುರು ಹಿತ್ತಾಳೆ ತಟ್ಟೆ ಇಟ್ಟುಕೊಂಡು ಅಡಿಕೆ ಹೆರೆಯುತ್ತಾಳೆ. ಹೋಳುಗಳನ್ನು ಒಮ್ಮೆ ತಟ್ಟೆಯ ಬಲಕ್ಕೆ ಹಾಕುತ್ತಾಳೆ, ಒಮ್ಮೆ ಎಡಕ್ಕೆ. ಯಾವ ಅರ್ಥವೂ ಇಲ್ಲ. ಚಿಹ್ನೆಗಳ ಬರೀ ಆಟ. ಇದರ ಮೇಲೆ ಮೂರು ಪುಟ ಆರಾಮವಾಗಿ ಬರೆಯಬಹುದು.

19 ಸೆಪ್ಟೆಂಬರ್

ಪುಣೆಯಿಂದ ನನ್ನ ಪಿಎಚ್‌.ಡಿ. ಗೈಡಿನ ಕಾಗದ. ‘ಅಂಕಿಅಂಶ ಎಲ್ಲಿ? ಪ್ರಶ್ನಾವಳಿ ಎಲ್ಲಿ?’ ಅಂಕಿಅಂಶವಂತೆ. ಜನಗಣತಿಯ ಗುಮಾಸ್ತನಾಗಬೇಕಿದ್ದ ಮನುಷ್ಯ ತಪ್ಪಿ ಪ್ರೊಫೆಸರ್ ಆಗಿದ್ದಾನೆ.

ರಾಜೀವಿ ಬೂತಾಯಿ ಮೀನು ತಂದಿದ್ದಳು. ಅಮ್ಮನೂ ಅವಳೂ ಅಡುಗೆಮನೆ ಬಾಗಿಲಲ್ಲಿ ಅರ್ಧ ಗಂಟೆ ಕೂತರು. ನನ್ನನ್ನು ನೋಡಿ, “ಎಂತ ಮಾಷ್ಟ್ರೆ, ನಮ್ಮ ಗಲಾಟೆ ಬರ್ದು ಮುಗೀಲಿಲ್ವಾ?” ಎಂದು ನಕ್ಕಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

13 ಅಕ್ಟೋಬರ್

ಸಭೆಯಿಂದ ನೇರ ಕುಲಶೇಖರಕ್ಕೆ, ಲೋಕನಾಥ ಮಾವನ ಮನೆಗೆ ಊಟಕ್ಕೆ. ಮಾವ ಅಮ್ಮನ ಅಣ್ಣ. ನಮ್ಮಲ್ಲಿ ಅಪ್ಪನಿಗಿಂತ ಮಾವನೇ ದೊಡ್ಡವ. ನನ್ನನ್ನು ದೆಹಲಿಗೆ ಕಳಿಸಿ ಓದಿಸಿದವರು ಅವರೇ. ಅದನ್ನು ಅವರು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಹೇಳದಿರುವುದನ್ನೇ ಎದ್ದು ಕಾಣುವ ಹಾಗೆ ಹೇಳದಿರುತ್ತಾರೆ.

ಎರಡು ಹೋಟೆಲು ಸಾಲದೆ ಮಾವ ಈಗ ಪರ್ಸಿನ್ ಬೋಟುಗಳಲ್ಲಿ ಪಾಲು ತೆಗೆದುಕೊಂಡಿದ್ದಾರೆ. ಇಡೀ ಮೀನಿನ ಹಿಂಡನ್ನು ಒಂದೇ ಬಲೆಯಲ್ಲಿ ಬಳಿದು ತರುವ ದೊಡ್ಡ ಬೋಟುಗಳು. ಇನ್ನು ಮೀನಿನ ಹುಡಿ ಮಾಡುವ ಫ್ಯಾಕ್ಟರಿ ಬೇಕಂತೆ. ಅದಕ್ಕೆ ಜಾಗ ಬೇಕು. ಯಾವ ಜಾಗ ಎಂದರೆ, ಸಂಘದವರು ಬಲೆ ಒಣಗಿಸುವ ಆ ಎರಡು ಎಕರೆ! ಮೂರು ಸಲ ಕೇಳಿದ್ದಾರೆ, ಮೂರು ಸಲವೂ ಸಂಘ ಆಗುವುದಿಲ್ಲವೆಂದು ನಿರ್ಣಯ ಮಾಡಿದೆ. ಈಗ ಮಾವ ಸಹಕಾರ ಇಲಾಖೆಗೆ ದೂರು ಕೊಟ್ಟಿದ್ದಾರೆ.

“ವಕೀಲರು ಹೇಳ್ತಾರೆ, ಸಭೆ ಕ್ರಮವಾಗಿ ನಡೀಲಿಲ್ಲ ಅಂತ ತೋರಿಸಿದ್ರೆ ನಿರ್ಣಯ ಎಲ್ಲ ಬಿದ್ದುಹೋಗ್ತದೆ ಅಂತ,” ಎಂದರು ಮಾವ. “ನೀನು ಅಲ್ಲೇ ಕೂರ್ತೀಯಲ್ಲ, ಚಿತ್ತ. ಆ ದೇವದಾಸನದ್ದು ಎಂತ ಕತೆ? ನಾನು ಎರಡು ಸಲ ಹೋಗಿ ಮಾತಾಡಿದೆ ಮಾರಾಯ. ಹೂಂ ಅನ್ನುದಿಲ್ಲ, ಊಹೂಂ ಅನ್ನುದಿಲ್ಲ. ಕುಡೀತಾನಾ?”

“ಇಲ್ಲ ಮಾವ. ಅದು ಒಂದು ರೀತಿಯ ಖಾಲಿ ಕೇಂದ್ರ,” ಎಂದೆ.

ಮಾವ ಮೀನಿನ ಪುಳಿಮುಂಚಿಗೆ ಕೈ ಹಾಕಿದವರು ಹಾಗೇ ನನ್ನ ಮುಖ ನೋಡಿದರು. “ನೀನು ನನ್ಗೆ ಏನೂ ಹೇಳುದು ಬೇಡ. ನಿನ್ನ ಪುಸ್ತಕದಲ್ಲಿ ಬರಿ. ಫೆಬ್ರವರಿಯಲ್ಲಿ ಕಾಲೇಜಲ್ಲಿ ನೀನು ಅದನ್ನು ಓದುವ ಸೆಮಿನಾರು ಉಂಟಲ್ಲ, ಊಟ ನಮ್ಮ ಹೋಟೆಲಿಂದ್ಲೇ. ನಾನೂ ವಕೀಲರೂ ಬಂದು ಕೂರ್ತೇವೆ.”

ನನಗೇನು? ಬಲೆ ಒಣಗಿಸುವವರು ಇನ್ನೊಂದು ಕಡೆ ಒಣಗಿಸಲಿ. ಕಡಲು ಅಷ್ಟು ಉದ್ದ ಉಂಟು.

10 ನವೆಂಬರ್

ನಾಲ್ಕನೇ ಅಧ್ಯಾಯ ಮುಗಿಯಿತು: ‘ಖಾಲಿ ಕುರ್ಚಿ’. ಅಡಿಕೆ ತಟ್ಟೆಗೆ ಮೂರಲ್ಲ, ಐದು ಪುಟ. ಓದಿ ನೋಡಿದರೆ ನನಗೇ ಹೆದರಿಕೆಯಾಗುವಷ್ಟು ಚೆನ್ನಾಗಿದೆ. ಬೆನಿಟಾಳಿಗೆ ಅರ್ಧ ವಾಕ್ಯವೂ ಅರ್ಥವಾಗಲಿಕ್ಕಿಲ್ಲ.

23 ನವೆಂಬರ್

ಬರೆಯಲಿಕ್ಕೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಊಟಕ್ಕೆ ಬಂಗುಡೆ ಮೀನು. ಅಮ್ಮ ಬಡಿಸುತ್ತಾ, “ಈ ಸಲ ಕೂಳೂರಿನ ಡಾಕ್ಟ್ರ ಹತ್ರ ತೋರಿಸಿದ್ರಂತೆ, ಏನೂ ಗುಣ ಆಗ್ಲಿಲ್ವಂತೆ, ಪಾಪ,” ಎಂದಳು. (ಅಮ್ಮ ಆಡುವುದು ತುಳು. ಬರೆಯುವುದು ನಾನು.)

“ಯಾರಿಗೆ?”

“ರಾಜೀವಿಯ ಅಣ್ಣನಿಗೆ. ದೇವಣ್ಣನಿಗೆ. ಕಿವಿ.”

“ಕಿವಿಗೆ ಎಂತ ಆಗಿದೆ?”

ಅಮ್ಮ ಸೌಟು ಹಿಡಿದುಕೊಂಡೇ ನಿಂತಳು. “ಎಂತ ಆಗಿದೆ ಅಂದ್ರೆ? ಕೇಳೂದಿಲ್ಲ ಅಲ್ವಾ ಮಗಾ! ಬೋಟಿನ ಎಂಜಿನು ಸಿಡಿದು ಒಂಬತ್ತು ವರ್ಷ ಆಯ್ತು. ಅವತ್ತೇ ಅಲ್ವಾ ರಾಜೀವಿಯ ಗಂಡ, ಬೂಬ, ತೀರಿಹೋದದ್ದು. ದೇವಣ್ಣನೇ ಅವನನ್ನು ಹೆಗಲ ಮೇಲೆ ಹಾಕ್ಕೊಂಡು ಈಜಿ ದಡ ಸೇರಿಸಿದ್ದು. ಆಮೇಲೆ ಸಿಡಿಲು ಬಡಿದ್ರೂ ಅವನಿಗೆ ಕೇಳೂದಿಲ್ಲ. ನೀನು ಮೂರು ತಿಂಗಳು ಅಲ್ಲಿ ಕೂತದ್ದಲ್ವಾ? ನಿನ್ಗೆ ಗೊತ್ತಿಲ್ವಾ?”

ಕೈಯ ತುತ್ತನ್ನು ಬಟ್ಟಲಿಗೇ ಹಾಕಿದೆ. ಎದುರಿನ ಬೆಂಚಿನಲ್ಲಿ ಕೂರುವುದು ಬೆಳಕು ಎಲ್ಲರ ಮುಖದ ಮೇಲೆ ಬೀಳಲಿ ಎಂದು! ಕುರ್ಚಿಯಲ್ಲಿ ಕೂತರೆ ಮಾತಾಡುವವರ ಬಾಯಿ ಕಾಣುವುದಿಲ್ಲ. ಅಡಿಕೆ ಹೋಳು, ಹೌದೆನ್ನುವವನಿಗೆ ಬಲಕ್ಕೊಂದು, ಅಲ್ಲವೆನ್ನುವವನಿಗೆ ಎಡಕ್ಕೊಂದು. ತಟ್ಟೆ ನೋಡಿ ಸಭೆಯ ಮನಸ್ಸು ತಿಳಿದುಕೊಂಡು ಅವನು ಬೈರಾಸು ಮಡಚುತ್ತಾನೆ. ಐದು ಪುಟ! ಅರ್ಥವಿಲ್ಲದ ಆಟ ಎಂದು ಐದು ಪುಟ!

“ಲೋಕನಾಥ ಮಾವನಿಗೆ ಗೊತ್ತುಂಟಾ?” ಎಂದು ಕೇಳಿದೆ.

“ಅವನಿಗೆ ಯಾಕೆ ಹೇಳ್ಬೇಕು? ರಾಜೀವಿ ನನ್ನ ಹತ್ರ ಹೇಳಿದ್ದು.” ಅಮ್ಮ ಇನ್ನೊಂದು ತುಂಡು ಬಂಗುಡೆ ಹಾಕಿ ಒಳಗೆ ಹೋದಳು.

ಅಮ್ಮ ಸ್ವಂತ ಅಣ್ಣನಿಗೆ ಒಂಬತ್ತು ವರ್ಷ ಹೇಳಲಿಲ್ಲ. ಏಳನೇ ಕ್ಲಾಸು ಓದಿದ ಹೆಂಗಸು.

24 ನವೆಂಬರ್, ಆದಿತ್ಯವಾರ

ಅಮ್ಮನ ಮಾತು ನಂಬಿ ಅಧ್ಯಾಯ ಬದಲಿಸಲಿಕ್ಕೆ ನಾನು ಮೂರ್ಖನಲ್ಲ. ಪರೀಕ್ಷೆ ಮಾಡಬೇಕು ಎಂದು ಹೋದೆ.

ಸಭೆ ಶುರುವಾಗುವ ಮೊದಲು ಎಲ್ಲರೂ ಚಹಾ ಕುಡಿಯುತ್ತಿದ್ದರು. ದೇವದಾಸ್ ಬೆಂಚಿನಲ್ಲಿದ್ದ. ನಾನು ಬಾಗಿಲಿನಿಂದ ಬಂದು ಅವನ ಬೆನ್ನ ಹಿಂದೆ ನಿಂತು ಗಟ್ಟಿಯಾಗಿ, “ದೇವಣ್ಣ, ನಿಮ್ಮ ಸಂಘ ಅಂದ್ರೆ ಮೂರ್ಖರ ಸಂತೆ,” ಎಂದೆ.

ಒಂಬತ್ತು ತಲೆ ನನ್ನ ಕಡೆಗೆ ತಿರುಗಿದವು. ನೋಣಯ್ಯನ ಕೈಯ ಕೆಟಲ್ ಅಲ್ಲಿಯೇ ನಿಂತಿತು. ತಿರುಗದೆ ಇದ್ದದ್ದು ದೇವದಾಸ್‌ನ ತಲೆ ಒಂದೇ.

ಅಮ್ಮನ ಮಾತು ಸಾಬೀತಾಯಿತು. ಆದರೆ ನಾನು ಒಂದು ಲೆಕ್ಕ ತಪ್ಪಿದ್ದೆ. ಉಳಿದ ಒಂಬತ್ತು ಜನಕ್ಕೆ ಕಿವಿ ಕೇಳುತ್ತದೆ. ನಾನು ಎಂತ ಮಾಡುತ್ತಿದ್ದೇನೆ ಎಂದು ಅವರಿಗೆ ಆ ಕ್ಷಣವೇ ಗೊತ್ತಾಯಿತು. ಯಾರೂ ಬೈಯಲಿಲ್ಲ, ಎದ್ದು ಬಂದು ಕೊರಳಪಟ್ಟಿ ಹಿಡಿಯಲಿಲ್ಲ. ಹಿಡಿದಿದ್ದರೆ ಒಳ್ಳೆಯದಿತ್ತು. ಅವರ ಮುಖ ನೋಡಿ ದೇವದಾಸ್ ಹಿಂದೆ ತಿರುಗಿದ. ನನ್ನನ್ನು ಕಂಡು ನಕ್ಕ. ಬೆಂಚಿನಲ್ಲಿ ಸರಿದು ಜಾಗ ಮಾಡಿ, “ಬನ್ನಿ ಮಾಷ್ಟ್ರೆ, ಕೂತ್ಕೊಳ್ಳಿ!” ಎಂದ. ಅವನ ದನಿಯನ್ನು ಕೇಳಿದ್ದು ಇದೇ ಮೊದಲು. ಕಡಲಿನ ಮೇಲೆ ಇನ್ನೊಂದು ಬೋಟಿಗೆ ಕೂಗುವವರ ಹಾಗೆ, ಎತ್ತರ ತಗ್ಗು ತಿಳಿಯದ ದನಿ. ಅದಕ್ಕೇ ಸಭೆಯಲ್ಲಿ ಅವನು ಬಾಯಿ ತೆರೆಯುವುದಿಲ್ಲ.

ಕೂತೆ. ನೋಣಯ್ಯ ಚಹಾ ಕೊಟ್ಟ. ನಾಚಿಕೆಯಾಯಿತು. ಬರೆದಿಟ್ಟೆ, ಅಲ್ಲಿಗೆ ಮುಗಿಯಿತು.

27 ನವೆಂಬರ್

ಇವತ್ತು ರಾಜೀವಿ ಬುಟ್ಟಿ ಇಳಿಸಿ ಅಮ್ಮನನ್ನು ಕರೆಯಲಿಲ್ಲ, ನನ್ನನ್ನು ಕರೆದಳು. ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದುಕೊಂಡು ಹೋದೆ. ಇಂಥವರ ಕಣ್ಣೀರಿಗೆ ಒಂದು ಉತ್ತರವನ್ನೂ ತಯಾರು ಮಾಡಿಕೊಂಡಿದ್ದೆ.

“ಮಾಷ್ಟ್ರೆ, ನಿಮ್ಗೆ ಗೊತ್ತಾಯ್ತು. ಬರೀತೀರಾ?” ಎಂದಳು, ಮೀನಿನ ರೇಟು ಕೇಳಿದಷ್ಟೇ ಸಲೀಸಾಗಿ.

“ಬರೆಯುವುದು ನನ್ನ ಕೆಲಸ.”

“ಹೌದು. ನಿಮ್ಮ ಕೆಲಸ ನೀವು ಮಾಡ್ಬೇಕು.” ಸೆರಗಿನಿಂದ ಕೈ ಒರೆಸಿಕೊಂಡಳು. “ಕಡಲ ಬದಿಯಲ್ಲಿ ಮಕ್ಕಳಿಗೂ ಗೊತ್ತುಂಟು. ಮಾರ್ಗದ ಈಚೆ ನಿಮ್ಮ ಅಮ್ಮನಿಗೆ ಮಾತ್ರ. ಒಂದು ಹೇಳ್ತೇನೆ. ಆ ಜಾಗವನ್ನು ಮಾತಲ್ಲೇ ನುಂಗ್ಲಿಕ್ಕೆ ಎಷ್ಟು ಜನ ಬಂದ್ರು ಗೊತ್ತುಂಟಾ? ಎಲ್ಲ ಬಾಯಲ್ಲಿ ಬೆಲ್ಲ ಇಟ್ಕೊಂಡು ಬಂದವ್ರು. ನಮ್ಗೆ ಕೇಳ್ತದೆ, ನಾವು ಕರಗ್ತೇವೆ. ಹೋದ ವರ್ಷ ನಾನೇ ಕರಗಿದ್ದೆ, ನಿಮ್ಮ ಮಾವ ಅಷ್ಟು ಚಂದ ಮಾತಾಡಿದ್ರು. ಅಣ್ಣನಿಗೆ ಮಾತು ಹೋಗೂದಿಲ್ಲ. ಒಬ್ಬ ಎಷ್ಟೇ ಮಾತಾಡ್ಲಿ, ತಟ್ಟೆಯಲ್ಲಿ ಒಂದೇ ಹೋಳು. ಅದಕ್ಕೇ ಅವ ಅಧ್ಯಕ್ಷ.”

ಅಮ್ಮನಿಗೆ ಆರು ಕಾಣೆ ಮೀನು ಕೊಟ್ಟು ಹೋದಳು.

22 ಡಿಸೆಂಬರ್

ಮೂರು ವಾರ ಬರೆದೆ. ಹೊಸ ನಾಲ್ಕನೇ ಅಧ್ಯಾಯ, ಇಪ್ಪತ್ತನಾಲ್ಕು ಪುಟ. ಸಂಸ್ಥೆ ಎಂದರೆ ಬರೀ ಮಾತು ಎಂದು ಪ್ಯಾರಿಸಿನವರು ಸಾಧಿಸಿದರು. ಇಲ್ಲಿ ನೋಡಿ, ಮಾತೇ ಕೇಳದವನೊಬ್ಬ ಒಂಬತ್ತು ವರ್ಷದಿಂದ ಒಂದು ಸಂಸ್ಥೆಯನ್ನು ನಡೆಸುತ್ತಿದ್ದಾನೆ, ಇಡೀ ಕಡಲತೀರ ಸೇರಿ ಅದನ್ನು ಮುಚ್ಚಿಟ್ಟಿದೆ. ಮುಚ್ಚಿಡುವುದೇ ಅವರ ಸಂಘ! ಐಸ್ ಪ್ಲಾಂಟು ನೆಪ. ಇದನ್ನು ಓದಿದರೆ ಗೈಡಿಗೆ ಮಾತು ಹೊರಡುವುದಿಲ್ಲ. ಹೊರದೇಶದ ಪತ್ರಿಕೆಗಳು ಅಚ್ಚು ಮಾಡುತ್ತವೆ. ನಾನು ಇಷ್ಟು ದಿನ ಬರೆದದ್ದರಲ್ಲಿ ನಿಜ ಎಂದು ಹೇಳಬಹುದಾದದ್ದು ಇದೊಂದೇ.

ಮಾವನ ವಕೀಲರಿಗೆ ಇಪ್ಪತ್ತನಾಲ್ಕು ಪುಟವೂ ಬೇಡ. ಅಧ್ಯಕ್ಷನಿಗೆ ಸಭೆಯ ಮಾತು ಕೇಳುವುದೇ ಇಲ್ಲ ಎಂಬ ಒಂದು ವಾಕ್ಯ ಸಾಕು. ಒಂಬತ್ತು ವರ್ಷದ ಅಷ್ಟೂ ನಿರ್ಣಯ ಹೋಗುತ್ತದೆ, ಜಾಗವೂ ಹೋಗುತ್ತದೆ.

ಅದು ನನ್ನ ತಲೆನೋವಲ್ಲ. ವಿಜ್ಞಾನಿ ಕಪ್ಪೆ ಕೊಯ್ಯುವಾಗ ಕಪ್ಪೆಯ ಹತ್ತಿರ ಕೇಳುತ್ತಾನೆಯೇ?

ಇವತ್ತಿನ ಸಭೆಯಲ್ಲಿ ದೇವದಾಸ್ ನನಗೆ ಬೆಂಚಿನಲ್ಲಿ ಜಾಗ ಇಟ್ಟಿದ್ದ. ಐಸ್ ಪ್ಲಾಂಟಿನ ಬಗ್ಗೆ ಏನೋ ಹೇಳಬೇಕಾಯಿತು. ಅವನ ಕಡೆ ಮುಖ ಮಾಡಿ, ನಿಧಾನ, ಬಾಯಿ ಬಿಡಿಸಿ ಹೇಳಿದೆ. ತಲೆಯಾಡಿಸಿದ. ಅಪರಿಚಿತರ ಬಾಯಿ ಅವನಿಗೆ ತಿಳಿಯುವುದಿಲ್ಲ ಎಂದು ನೋಣಯ್ಯ ಹೇಳಿದ್ದ. ನೋಣಯ್ಯನ ಮಾತು ಎಂದೂ ಸರಿ ಇರುವುದಿಲ್ಲ.

5 ಜನವರಿ 1986

ಬೆಳಿಗ್ಗೆ ಸ್ನಾನದ ಒಲೆ ಹತ್ತಲಿಲ್ಲ. ಕಟ್ಟಿಗೆ ಹಸಿ. ಅಮ್ಮ, “ಕಾಗದ ಉಂಟಾ ಮಗಾ?” ಎಂದು ಕೇಳಿದಳು. ಹೊಸ ಅಧ್ಯಾಯ ಮೇಜಿನ ಮೇಲಿತ್ತು. ಕೊಟ್ಟೆ. ಕಾರ್ಬನ್ ಪ್ರತಿಯನ್ನೂ ಕೊಟ್ಟೆ. ಬರವಣಿಗೆ ಅಷ್ಟೇನೂ ಚೆನ್ನಾಗಿರಲಿಲ್ಲ, ಭಾವ ಜಾಸ್ತಿ, ಸಿದ್ಧಾಂತ ಕಡಿಮೆ. ಹಳೆಯ ಅಧ್ಯಾಯವೇ ಸಾಕು.

ನೀರು ಚೆನ್ನಾಗಿ ಕಾಯಿತು.

15 ಫೆಬ್ರವರಿ

ಸೆಮಿನಾರು ಮುಗಿಯಿತು. ಮಾವ ಕಳಿಸಿದ ಊಟ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ಬೇರೆ ಯಾವುದರ ಬಗ್ಗೆಯೂ ಯಾರೂ ಹೇಳಲಿಲ್ಲ.

ಕಾಲೇಜಿನ ಸಭಾಂಗಣ. ಅಧ್ಯಕ್ಷತೆಗೆ ಪುಣೆಯಿಂದ ಗೈಡ್ ಬಂದಿದ್ದರು. ಎರಡನೇ ಸಾಲಿನಲ್ಲಿ ಮಾವ, ಅವರ ಪಕ್ಕದಲ್ಲಿ ವಕೀಲರು, ತೊಡೆಯ ಮೇಲೆ ನೋಟ್‌ಬುಕ್. ‘ಖಾಲಿ ಕುರ್ಚಿ’ ಓದಿದೆ. ಅಡಿಕೆ ತಟ್ಟೆಯ ಐದು ಪುಟವನ್ನೂ ಬಿಡದೆ ಓದಿದೆ. ಸುಳ್ಳೆಂದು ಗೊತ್ತಿರುವುದನ್ನು ನಲವತ್ತು ನಿಮಿಷ ಓದುವುದು ಎಷ್ಟು ಕಷ್ಟ ಎಂದು ಇವತ್ತು ತಿಳಿಯಿತು. ನಮ್ಮ ರಾಜಕಾರಣಿಗಳ ಮೇಲೆ ಸ್ವಲ್ಪ ಗೌರವ ಬಂತು.

ಗೈಡ್ ಕನ್ನಡಕ ತೆಗೆದರು. “ನಿಮ್ಮ ಅಧ್ಯಕ್ಷರು ಆರು ತಿಂಗಳು ಮಾತಾಡಲಿಲ್ಲ. ನೀವು ಅದಕ್ಕೆ ಪ್ಯಾರಿಸಿನ ತನಕ ಹೋಗಿ ಕಾರಣ ಹುಡುಕಿದ್ದೀರಿ. ನನ್ನದು ಸಾಮಾನ್ಯ ಪ್ರಶ್ನೆ. ಅವರಿಗೆ ಕಿವಿ ಕೇಳುತ್ತದೆಯೇ?”

ತಮಾಷೆಗೆ ಕೇಳಿದ್ದು. ಸಭಾಂಗಣ ನಕ್ಕಿತು. ನಗದೆ ಇದ್ದವರು ಇಬ್ಬರು. ವಕೀಲರು ಪೆನ್ನಿನ ಮುಚ್ಚಳ ತೆಗೆದರು. ಮಾವ ಕುರ್ಚಿಯಲ್ಲಿ ಮುಂದೆ ಬಾಗಿದರು.

ಜನಗಣತಿಯ ಗುಮಾಸ್ತ ಎಂದು ನಾನು ಬೈದ ಮನುಷ್ಯ ಒಂದೇ ಪ್ರಶ್ನೆಗೆ ತಲುಪಿದ್ದ. ನನಗೆ ಅದಕ್ಕೆ ಮೂರು ತಿಂಗಳು ಮತ್ತು ಅಮ್ಮ ಬೇಕಾಯಿತು.

“ಆರು ತಿಂಗಳು ಅವರ ಪಕ್ಕ ಕೂತವನು ನಾನು,” ಎಂದೆ. “ಅವರಿಗೆ ಚೆನ್ನಾಗಿ ಕೇಳುತ್ತದೆ. ಪಿಸುಮಾತೂ ಕೇಳುತ್ತದೆ. ಇಂಥ ಪ್ರಶ್ನೆ ಹುಟ್ಟುವುದೇ ಮೌನವನ್ನು ಒಂದು ಕೊರತೆ ಎಂದು ತಿಳಿಯುವ ಹಳೆಯ ಸಮಾಜಶಾಸ್ತ್ರದಿಂದ.” ಆಮೇಲೆ ನಿಲ್ಲಿಸಲಿಲ್ಲ. ಚಿಹ್ನೆ, ಗೈರು, ಕೇಂದ್ರವಿಲ್ಲದ ಕೇಂದ್ರ, ಕಪಾಟಿನಲ್ಲಿದ್ದ ಅಷ್ಟೂ ಜೆರಾಕ್ಸನ್ನು ಅವರ ತಲೆಯ ಮೇಲೆ ಸುರಿದೆ. ಹನ್ನೆರಡು ನಿಮಿಷ. ಹಿಂದಿನ ಸಾಲಿನ ಹುಡುಗರು ಬಾಯಿಗೆ ಕರವಸ್ತ್ರ ಹಿಡಿದುಕೊಂಡು ನಗುತ್ತಿದ್ದರು. ಐದನೇ ನಿಮಿಷಕ್ಕೆ ವಕೀಲರು ಪೆನ್ನು ಮುಚ್ಚಿದರು. ಎಂಟನೆಯದಕ್ಕೆ ಮಾವ ನಿದ್ದೆ ಹೋದರು.

ಅದನ್ನು ನೋಡಿಯೇ ನಾನು ಕೂತದ್ದು.

17 ಫೆಬ್ರವರಿ

ಗೈಡ್ ಪುಣೆಗೆ ಹೋಗುವ ಮೊದಲು ಕರೆದು ಹೇಳಿದರು. “ನಾಲ್ಕನೇ ಅಧ್ಯಾಯ ಕಲ್ಪನೆ. ಇದಕ್ಕೆ ನಾನು ಸಹಿ ಹಾಕಲಾರೆ. ಅಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ನೋಡಿ ಬರೆದು ತನ್ನಿ.” ನೋಡಲಿಕ್ಕೆ ಏನೂ ಇಲ್ಲ ಸರ್, ಎಂದೆ. ಹಾಗಾದರೆ ಪ್ರಬಂಧವೂ ಇಲ್ಲ ಎಂದರು. ಮೂರು ವರ್ಷ ಎರಡು ವಾಕ್ಯದಲ್ಲಿ ಮುಗಿಯಿತು. ದುಃಖವಾಯಿತು. ಬಹಳ ದುಃಖವಾಯಿತು. ಹಂಪನಕಟ್ಟೆಯ ತನಕ ನಡೆದೇ ಬಂದೆ.

ಹೊರಡುವ ಮೊದಲು ಕಾಲೇಜಿನ ವರಾಂಡದಲ್ಲಿ ಬೆನಿಟಾ ಸಿಕ್ಕಿದ್ದಳು. “ಚಿತ್ತರಂಜನ್, ನೀವು ಅಷ್ಟು ದಡ್ಡರಲ್ಲ. ನಿಮ್ಮನ್ನು ಹತ್ತು ವರ್ಷದಿಂದ ನೋಡ್ತಿದ್ದೇನೆ,” ಎಂದಳು.

“ದಡ್ಡನೇ,” ಎಂದೆ.

ಅವಳು ಹಾಜರಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. “ಆಯ್ತು. ಏಪ್ರಿಲ್‌ನಲ್ಲಿ ಆದಿತ್ಯವಾರದ ಡ್ಯೂಟಿ ನಿಮಗೆ ಹಾಕುದಿಲ್ಲ, ನಿಮ್ಗೆ ಸುರತ್ಕಲ್‌ಗೆ ಹೋಗ್ಲಿಕ್ಕೆ ಇರ್ಬಹುದು,” ಎಂದು ಹೇಳಿ ಹೋದಳು. ಈಗಲೇ ದರ್ಬಾರು ಶುರು.

30 ಮಾರ್ಚ್, ಆದಿತ್ಯವಾರ

ನಾಡಿದ್ದು ಕಾಲೇಜಿಗೆ ಹೋಗಿ ಬೆನಿಟಾಳ ಎದುರು ಸಹಿ ಹಾಕಬೇಕು. ಕಡಲಿಗೆ ಹಾರುವ ಮಾತು ಬಿಟ್ಟಿದ್ದೇನೆ. ಅಲ್ಲಿ ಈಗ ಎಲ್ಲರೂ ನನ್ನ ಗುರುತಿನವರು, ಎಳೆದು ತಂದು ದಡಕ್ಕೆ ಹಾಕುತ್ತಾರೆ.

ಇವತ್ತು ನಮ್ಮ ಸಂಘದ ಸಭೆಗೆ ಇಲಾಖೆಯ ಇನ್‌ಸ್ಪೆಕ್ಟರು ಬರುವವರಿದ್ದರು. ಮಾವನ ದೂರಿನ ಮೇಲೆ ಸಭೆ ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ನೋಡಲಿಕ್ಕೆ. ಅವರ ಜೊತೆ ಮಾವನೂ. ಇಂಥ ದಿನವೇ ರಾಜೀವಿ ಇಲ್ಲ! ಅವಳ ಮಗಳಿಗೆ ಮಲ್ಪೆಯಲ್ಲಿ ಹೆರಿಗೆ ನೋವು ಶುರುವಾಗಿ ಬೆಳಗಿನ ಬಸ್ಸಿಗೇ ಹೋಗಿದ್ದಳು. ನಾನು ಹೋದಾಗ ಎಂಟು ಮಂದಿ ನಿರ್ದೇಶಕರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಬ್ಬನಿಗೆ ಕೈ ನಡುಗುತ್ತದೆ, ಒಬ್ಬನಿಗೆ ಎಡಬಲ ಗೊತ್ತಾಗುವುದಿಲ್ಲ. ಬುದ್ಧಿ ಇಲ್ಲದವರು.

ನೋಣಯ್ಯ ಹಿತ್ತಾಳೆ ತಟ್ಟೆ ತಂದು ನನ್ನ ಎದುರು ಇಟ್ಟ. “ಮಾಷ್ಟ್ರೆ, ನೀವು ಐದು ಪುಟ ಬರ್ದವ್ರಲ್ವಾ? ಕೂತ್ಕೊಳ್ಳಿ,” ಎಂದ. ಈ ಮನುಷ್ಯನಿಗೆ ಅದು ಹೇಗೆ ಗೊತ್ತಾಯಿತೋ. ಅಮ್ಮನ ಕೆಲಸವಿರಬೇಕು.

ಇನ್‌ಸ್ಪೆಕ್ಟರು ಬಂದು ಖಾಲಿ ಕುರ್ಚಿಯಲ್ಲಿ ಕೂತರು. ಮಾವ ನಿಂತು ಮಾತಾಡಿದರು. ಕಾಲು ಗಂಟೆ. ಫ್ಯಾಕ್ಟರಿಯಲ್ಲಿ ನಿಮ್ಮ ಮನೆಯ ಹೆಂಗಸರಿಗೇ ಕೆಲಸ, ಜಾಗದ ಮೂಲೆಯಲ್ಲಿ ಒಂದು ಶಾಲೆ, ನಾನು ಪರಕೀಯನಲ್ಲ, ನಿಮ್ಮ ಪಕ್ಕದಲ್ಲಿ ಕೂತ ಚಿತ್ತ ನನ್ನ ಅಳಿಯ, ಅವನನ್ನು ಕೇಳಿ ನಾನು ಎಂಥವನು ಎಂದು. ಮಾತು ನಿಜಕ್ಕೂ ಚೆನ್ನಾಗಿತ್ತು. ರಾಜೀವಿ ಹೇಳಿದ್ದು ಸುಳ್ಳಲ್ಲ, ನಾನೂ ಸ್ವಲ್ಪ ಕರಗಿದೆ. ದೆಹಲಿಯ ರೈಲು ಹತ್ತಿಸಲಿಕ್ಕೆ ಅವರು ಬಂದದ್ದು, ಕಿಟಕಿಯಿಂದ ಕಿತ್ತಳೆ ಕೊಟ್ಟದ್ದು ನೆನಪಾಯಿತು.

ಒಂದು ಹೋಳು ಹೆರೆದು ಬಲಕ್ಕೆ ಹಾಕಿದೆ.

ಆಮೇಲೆ ನಿರ್ದೇಶಕರು ಒಬ್ಬೊಬ್ಬರಾಗಿ ಕೂಗಿದರು. ಎಡಕ್ಕೊಂದು. ಎಡಕ್ಕೊಂದು. ಎಂಟು ಹೋಳು ಎಡಬದಿಯಲ್ಲಿ ಸಾಲಾಗಿ ಕೂತವು. ಇನ್ನು ದೇವಣ್ಣ ಏಳಬೇಕು. ಅವರು ಏಳಲಿಲ್ಲ. ತಟ್ಟೆ ನೋಡಿದರು, ನನ್ನನ್ನು ನೋಡಿದರು, ಅಂಗೈ ಚಾಚಿದರು.

ರಾಜೀವಿ ಇದ್ದಾಗ ಎಲ್ಲರದ್ದೂ ಹಾಕಿ ಕೊನೆಗೆ ತನ್ನದೊಂದು ಹಾಕುತ್ತಿದ್ದಳು. ತಟ್ಟೆಯ ಎದುರು ಕೂತವನ ಒಂಬತ್ತನೆಯದು, ನನ್ನದು, ಬಂದಿರಲಿಲ್ಲ.

ನನಗೆ ಓಟಿಲ್ಲ. ನಾನು ಸದಸ್ಯನಲ್ಲ, ಬಲೆ ಹಿಡಿದವನಲ್ಲ. ಎದುರಿಗೆ ಮಾವ ನಿಂತಿದ್ದರು, ನಾನು ವೀಳ್ಯ ಮಾಡಿಕೊಡುತ್ತಿದ್ದೇನೆ ಎಂದೇ ಎಣಿಸಿ ನನ್ನನ್ನು ನೋಡಿ ಮುಗುಳ್ನಗುತ್ತಿದ್ದರು. ಅವರ ಅನ್ನ ತಿಂದ ಕೈ. ಕತ್ತಿ ಜಾರಿ ಬೆರಳಿಗೆ ಸ್ವಲ್ಪ ತಾಗಿತು. ಹೋಳನ್ನು ಎಡಕ್ಕೆ ಹಾಕಿದೆ.

ದೇವಣ್ಣ ಆ ಹೋಳನ್ನೇ ಹೆಕ್ಕಿ ಬಾಯಿಗೆ ಹಾಕಿಕೊಂಡರು. ಎದ್ದು ನಿಂತು, ಬೈರಾಸು ಕೊಡವಿ ಮಡಚಿ ಎಡ ಹೆಗಲಿಗೆ ಹಾಕಿದರು. ನೋಣಯ್ಯ ಬರೆದುಕೊಂಡ. ಇನ್‌ಸ್ಪೆಕ್ಟರು, “ಎಲ್ಲ ಕ್ರಮದಲ್ಲೇ ಉಂಟಲ್ಲ ಶೆಟ್ರೆ,” ಎಂದು ಮಾವನಿಗೆ ಹೇಳಿ ಎದ್ದರು.

ಹಿಂದೆ ಬರುವಾಗ ಮಾವ ಕಾರಿನಲ್ಲಿ ಕರೆದುಕೊಂಡು ಬಂದರು. ಕೂಳೂರು ಸೇತುವೆಯ ತನಕ ಹಾರ್ನ್ ಹೊಡೆಯುತ್ತಲೇ ಬಂದರು. ಆಮೇಲೆ, “ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ಮಾರಾಯ. ನಾನು ಅಷ್ಟು ಹೇಳ್ತಾ ಇದ್ದೇನೆ, ಅವ ಅಡಿಕೆ ನೋಡ್ಕೊಂಡು ಕೂತಿದ್ದಾನೆ. ನಿನ್ಗೂ ಅಲ್ಲಿ ಅಡಿಕೆ ಹೆರಿಯುವ ಕೆಲ್ಸ ಕೊಟ್ರಲ್ಲ! ಇದಕ್ಕಾ ನಾನು ನಿನ್ನನ್ನು ದೆಹಲಿಗೆ ಕಳಿಸಿದ್ದು?” ಎಂದರು.

“ಮರ್ಯಾದೆ ಗೊತ್ತಿಲ್ಲದ ಜನ ಮಾವ,” ಎಂದೆ.

ಮುಂದಿನ ಸಭೆ ಏಪ್ರಿಲ್ 13ಕ್ಕೆ. ಅಡಿಕೆ ನಾನೇ ಬಿಜೈ ಅಂಗಡಿಯಿಂದ ತೆಗೆದುಕೊಂಡು ಹೋಗಬೇಕು. ಆ ನೋಣಯ್ಯ ತರುವುದು ಪೂರಾ ಹುಳುಕು.